ಈ ವಾರ ಟೈಲಾ ಕೇಳೋಣ

ಗೆಳೆಯರೇ, ಈ ವಾರ ದಕ್ಷಿಣ ಆಫ್ರಿಕಾದ ಗಾಯಕಿ ಟೈಲಾಳ ಮೊದಲ ಆಲ್ಬಂ ಕೇಳೋಣ. ಜೊಹಾನ್ಸ್‌ಬರ್ಗ್‌ನ ಹುಡುಗಿ, ತನ್ನ ಹೆಸರನ್ನೇ ಇಟ್ಟು 2024ರ ಮಾರ್ಚ್‌ನಲ್ಲಿ ಇದನ್ನು ಹೊರತಂದಳು. ಇದರಲ್ಲಿರುವ ‘ವಾಟರ್’ ಹಾಡಿಗೆ ಅದಕ್ಕೂ ಮುಂಚೆಯೇ, 22ರ ಹರೆಯದಲ್ಲಿ, ಗ್ರ್ಯಾಮಿ ಬಂದಿತ್ತು. ಆಫ್ರಿಕನ್ ಸಂಗೀತಕ್ಕೆಂದು ಶುರುವಾದ ಆ ವಿಭಾಗದ ಮೊಟ್ಟಮೊದಲ ಪ್ರಶಸ್ತಿ ಅದು.

ದಯವಿಟ್ಟು ಫೋನ್ ಸ್ಪೀಕರಿನಲ್ಲಿ ಕೇಳಬೇಡಿ, ಇಯರ್‌ಫೋನ್ ಹಾಕಿಕೊಳ್ಳಿ. ಇವಳ ಹಾಡುಗಳಲ್ಲಿ ಬೆರೆತಿರುವ ಅಮಾಪಿಯಾನೊ ಎಂಬ ದಕ್ಷಿಣ ಆಫ್ರಿಕಾದ ಕುಣಿತದ ಸಂಗೀತದ ಜೀವ ಇರುವುದೇ ‘ಲಾಗ್ ಡ್ರಮ್’ ಎಂಬ ಮಂದ್ರದ ಗುಡುಗಿನಲ್ಲಿ. ಸಣ್ಣ ಸ್ಪೀಕರಿನಲ್ಲಿ ಅದು ಪೂರಾ ಮಾಯ. ಆ ಗುಡುಗಿನ ಮೇಲೆ ಟೈಲಾ ದನಿ ಏರಿಸುವುದೇ ಇಲ್ಲ, ಕಿವಿಯ ಹತ್ತಿರ ಬಂದು ಹೇಳಿದ ಹಾಗೆ ಹಾಡುತ್ತಾಳೆ. ನನಗೆ ತುಂಬಾ ಹಿಡಿಸಿದ್ದು ಇದೇ.

‘ವಾಟರ್’ನಲ್ಲಿ ಹೆಣ್ಣೊಬ್ಬಳು ತನ್ನ ದೇಹದ ಬಯಕೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಮಕ್ಕಳು ಪಕ್ಕದಲ್ಲಿದ್ದರೆ ನೋಡಿಕೊಂಡು ಹಾಕಿ. ‘ಬಟರ್‌ಫ್ಲೈಸ್’ ನಿಧಾನದ ಹಾಡು, ಅದರಲ್ಲಿ ಪ್ರೀತಿಯ ಅಳುಕಿದೆ. ನನ್ನ ಮಟ್ಟಿಗೆ ಇದೇ ಹೆಚ್ಚು ಆಪ್ತ.

ಗುಂಪಿನಲ್ಲಿ ಹಾಡಿನ ಫೈಲ್ ಹಾಕಬೇಡಿ, ಅಧಿಕೃತ ಲಿಂಕ್ ಸಾಕು. ಭಾನುವಾರ ರಾತ್ರಿ ಊಟವಾದ ಮೇಲೆ ಮಾತಾಡೋಣ. ಬರೆಯಲು ಆಗದವರು ವಾಯ್ಸ್ ಮೆಸೇಜ್ ಕಳಿಸಿ.