ಆ್ಯಪ್ ಒಪ್ಪದ ಗಾಂಧಾರ

ಪ್ರೀತಿಯ ಪುಟ್ಟಿಗೆ, ಮಾವನ ಆಶೀರ್ವಾದಗಳು.

ನಿನ್ನ ಸಂದೇಶ ಓದಿದೆ. ಮೊಬೈಲ್‌ನಲ್ಲಿ ಶ್ರುತಿ ನೋಡುವ ಆ್ಯಪ್ ಹಾಕಿಕೊಂಡು ತಂಬೂರಿಯ ಮುಂದೆ ಹಾಡಲು ಕುಳಿತೆಯಂತೆ. ಷಡ್ಜ (ಸ) ಸರಿಯಿದೆ ಎಂದಿತು, ಪಂಚಮ (ಪ) ಎರಡು ಸೆಂಟ್ ಹೆಚ್ಚು ಎಂದಿತು (ಸೆಂಟ್ ಎಂದರೆ ಸ್ವರಗಳ ಅಂತರ ಅಳೆಯುವ ಬಲು ಚಿಕ್ಕ ಮಾನ), ಅಂತರ ಗಾಂಧಾರಕ್ಕೆ, ಅಂದರೆ ಮೇಲಿನ ಗ-ಗೆ, ಬಂದಾಗ ಹದಿನಾಲ್ಕು ಸೆಂಟ್ ತಗ್ಗು ಎಂದು ಕೆಂಪು ತೋರಿಸಿತು. ಅದೇ ಗಾಂಧಾರವನ್ನು ಕೇಳಿ ನಿಮ್ಮ ಗುರುಗಳು ಮಾತ್ರ ತಲೆದೂಗಿದರು. "ಇಬ್ಬರಲ್ಲಿ ಯಾರನ್ನು ನಂಬಲಿ ಮಾವ?" ಎಂದು ಕೇಳಿದ್ದೀಯೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು, ಅದಕ್ಕೇ ಕಾಗದ. ತಂಬೂರಿ, ಕೀಬೋರ್ಡ್ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದು. ಬರೀ ಕಣ್ಣಿನಿಂದ ಓದಿ ಮಡಚಿಟ್ಟರೆ ನಾನು ಬರೆದದ್ದೂ ದಂಡ.

ಮೊದಲು ಒಂದು ಚಿಕ್ಕ ಲೆಕ್ಕ. ನಿನ್ನ ಷಡ್ಜ 240 ಹರ್ಟ್ಜ್ ಎಂದಿಟ್ಟುಕೊ. ಅಂದರೆ ತಂತಿ ಸೆಕೆಂಡಿಗೆ 240 ಸಲ ಕಂಪಿಸುತ್ತಿದೆ. (ನಿನ್ನ ಶಾರೀರಕ್ಕೆ ಇದು ಮೇಲಾಯಿತು, ಗೊತ್ತು, ಭಾಗಾಕಾರ ಸುಲಭವಾಗಲೆಂದು ತೆಗೆದುಕೊಂಡೆ.) ತಾರ ಷಡ್ಜ ಅದರ ಎರಡರಷ್ಟು, 480. ಪಂಚಮ ಒಂದೂವರೆಯಷ್ಟು, 360. ಸ ಮತ್ತು ಪ ನಡುವೆ 120, ಪ ಮತ್ತು ಮೇಲಿನ ಸ ನಡುವೆಯೂ 120. ಕಾಗದದ ಮೇಲೆ ಎರಡೂ ಸಮ. ಈಗ ಹಾಡಿ ನೋಡು. ಸಮ ಎನ್ನಿಸುತ್ತದೆಯೇ? ಕೆಳಗಿನದು ದೊಡ್ಡ ಹೆಜ್ಜೆ, ಮೇಲಿನದು ಅದಕ್ಕಿಂತ ಚಿಕ್ಕದು. ಪ-ಸ ಹಾಡಿದರೆ ಕಿವಿಗೆ ಥೇಟು ಸ-ಮ ಹಾಡಿದ ಹಾಗೆ ಕೇಳುತ್ತದೆ. ಏಕೆಂದರೆ ಕಿವಿಗೆ ಕಳೆಯುವ ಲೆಕ್ಕ ಬಾರದು, ಅದಕ್ಕೆ ಬರುವುದು ಭಾಗಿಸುವ ಲೆಕ್ಕ. 360ಕ್ಕೂ 240ಕ್ಕೂ ಇರುವ ಪ್ರಮಾಣ 3:2. 480ಕ್ಕೂ 360ಕ್ಕೂ ಇರುವುದು 4:3. ಶುದ್ಧ ಮಧ್ಯಮ 320ರಲ್ಲಿದೆ. 320ಕ್ಕೂ 240ಕ್ಕೂ ಇರುವುದು ಅದೇ 4:3. ಎರಡು ಅಂತರಗಳನ್ನು ಒಂದರ ಮೇಲೊಂದು ಪೇರಿಸುವಾಗಲೂ ಗುಣಿಸಬೇಕು: ಮೂರರ ಅರ್ಧವನ್ನು ನಾಲ್ಕರ ಮೂರನೆಯ ಒಂದಂಶದಿಂದ ಗುಣಿಸು, ಎರಡು ಬರುತ್ತದೆ, ಸ-ದಿಂದ ಮೇಲಿನ ಸ-ವರೆಗೆ ಒಂದು ಸ್ಥಾಯಿ ತುಂಬಿತು.

ಇದರಿಂದ ಹುಟ್ಟುವ ಮಾತು ಒಂದಿದೆ. ನನಗೆ ಇಡೀ ಸಂಗೀತಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡದು ಕಂಡಿಲ್ಲ: ಸ್ವರವೆಂಬುದು ನೆಂಟಸ್ತಿಕೆಯ ಹೆಸರು. ನಿನಗೆ ನಾನು ಮಾವ, ನಿನ್ನ ಅಮ್ಮನಿಗೆ ತಮ್ಮ, ನಿನ್ನ ಅಜ್ಜಿಗೆ ಮಗ. ಆಸಾಮಿ ಒಬ್ಬನೇ. 300 ಹರ್ಟ್ಜ್‌ನ ನಾದವೂ ಹೀಗೆಯೇ. 240ರ ಪಾಲಿಗೆ ಅದು ಅಂತರ ಗಾಂಧಾರ, 225ರ ಪಾಲಿಗೆ ಶುದ್ಧ ಮಧ್ಯಮ, 200ರ ಪಾಲಿಗೆ ಪಂಚಮ. ಷಡ್ಜ ಯಾವುದೆಂದು ಹೇಳದೆ "ಇದು ಯಾವ ಸ್ವರ?" ಎಂದು ಕೇಳಿದರೆ, ದಾರಿಯಲ್ಲಿ ಹೋಗುವವನನ್ನು ತೋರಿಸಿ "ಇವರು ಮಾವನೋ ತಮ್ಮನೋ?" ಎಂದು ಕೇಳಿದ ಹಾಗೆ.

ಹಾಗಾದರೆ ಆ್ಯಪ್‌ನ ಮೂಲೆಯಲ್ಲಿ ಕಾಣುವ 440 ಎಂಬ ಸಂಖ್ಯೆ ಏನು? ಅದು ಬರೀ ಒಪ್ಪಂದ. ಪಾಶ್ಚಾತ್ಯ ವಾದ್ಯಮೇಳದಲ್ಲಿ ಹತ್ತಾರು ಜನ ಒಟ್ಟಿಗೆ ನುಡಿಸುವಾಗ ಎಲ್ಲರೂ ಒಂದು ನಾದಕ್ಕೆ ಕಟ್ಟುಬೀಳಬೇಕಲ್ಲ, ಅದಕ್ಕೆ. 1711ರಲ್ಲಿ ಜಾನ್ ಶೋರ್ ಎಂಬ ತುತ್ತೂರಿ ವಾದಕ, ತಟ್ಟಿದರೆ ಒಂದೇ ನಾದ ಕೊಡುವ ಶ್ರುತಿಕವೆಯನ್ನು ಮಾಡಿದ. 1859ರಲ್ಲಿ ಫ್ರಾನ್ಸ್, ವಾದ್ಯಗಳನ್ನು ಶ್ರುತಿ ಮಾಡಿಕೊಳ್ಳುವ 'ಎ' ಎಂಬ ಸ್ವರವನ್ನು 435 ಹರ್ಟ್ಜ್ ಎಂದು ಗೊತ್ತುಪಡಿಸಿತು. 1939ರಲ್ಲಿ ಲಂಡನ್‌ನಲ್ಲಿ ಸೇರಿದವರು 440 ಎಂದರು, 1975ರಲ್ಲಿ ಅದೇ ಅಂತಾರಾಷ್ಟ್ರೀಯ ಮಾನಕವಾಯಿತು. ನಮ್ಮ ಪದ್ಧತಿಯಲ್ಲಿ ಷಡ್ಜವನ್ನು ಹೀಗೆ ಗೂಟಕ್ಕೆ ಕಟ್ಟಲಿಲ್ಲ, ಹಾಡುವವರ ಗಂಟಲಿಗೆ ಬಿಟ್ಟರು. ಗಂಟಲು ಕಟ್ಟಿದ ದಿನ ಷಡ್ಜವನ್ನು ತುಸು ಇಳಿಸಿಕೊಂಡು ಹಾಡಿದರೂ ರಾಗ ಕೆಡುವುದಿಲ್ಲ.

ಇನ್ನು ಕೀಬೋರ್ಡಿಗೆ ಬಾ. ಬೆರಳಿನಿಂದ ಒತ್ತುವ ಪಟ್ಟಿಗಳಿಗೆ ಮನೆಗಳು ಎನ್ನುತ್ತೇವೆ. ಬಿಳಿ ಮನೆಗಳನ್ನು ಮರೆತುಬಿಡು. ಕಪ್ಪು ಮನೆಗಳು ಎರಡರದೊಂದು ಗುಂಪು, ಮೂರರದೊಂದು ಗುಂಪು ಎಂದು ಇವೆಯಲ್ಲ. ಮೂರರ ಗುಂಪಿನ ಮೊದಲನೆಯದನ್ನು ಷಡ್ಜ ಮಾಡಿಕೊಂಡು ಕಪ್ಪಿನ ಮೇಲೆಯೇ ಮೇಲಕ್ಕೆ ಹೋಗು. ಮೋಹನ ರಾಗ ಕೇಳಿಸುತ್ತದೆ. ಈಗ ಅದೇ ಗುಂಪಿನ ಎರಡನೆಯದನ್ನು ಷಡ್ಜ ಮಾಡಿಕೊ. ಮನೆಗಳು ಅವೇ ಐದು, ಆದರೆ ಕೇಳುವುದು ಮಧ್ಯಮಾವತಿ. ಮೂರನೆಯದರಿಂದ ಹೊರಟರೆ ಹಿಂದೋಳ. ಎರಡರ ಗುಂಪಿನ ಮೊದಲನೆಯದರಿಂದ ಶುದ್ಧ ಸಾವೇರಿ, ಎರಡನೆಯದರಿಂದ ಶುದ್ಧ ಧನ್ಯಾಸಿ. ಇದಕ್ಕೆ ಗ್ರಹಭೇದ ಎನ್ನುತ್ತಾರೆ. ಒಂದು ವಿಷಯ ಮರೆಯಬೇಡ: ಪ್ರತಿ ಸಲವೂ ಹೊಸ ಷಡ್ಜವನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡಿರಬೇಕು. ಹಿಡಿಯದಿದ್ದರೆ ಮೊದಲು ಕೇಳಿದ ಮೋಹನವೇ ಕಿವಿಯಲ್ಲಿ ಕೂತು, ಐದೂ ಸಲ ಮೋಹನವೇ ಕೇಳುತ್ತದೆ.

ಬಿಳಿ ಮನೆಗಳಲ್ಲೂ ಇದೇ ಆಟ. ಬಿಳಿ ಒಂದರಿಂದ (ಎರಡು ಕಪ್ಪು ಮನೆಗಳ ಗುಂಪಿನ ಎಡಕ್ಕೆ ಅಂಟಿಕೊಂಡಿರುವ ಬಿಳಿ ಮನೆ) ಹೊರಟರೆ ಶಂಕರಾಭರಣ, ಪಾಶ್ಚಾತ್ಯರ ಮೇಜರ್ ಸ್ಕೇಲ್. ಮುಂದಿನ ಬಿಳಿ ಮನೆಗಳಿಂದ ಕ್ರಮವಾಗಿ ಖರಹರಪ್ರಿಯ, ತೋಡಿ, ಕಲ್ಯಾಣಿ, ಹರಿಕಾಂಭೋಜಿ, ನಟಭೈರವಿ. ಏಳನೆಯದರಲ್ಲಿ ಮಾತ್ರ ಎಡವುತ್ತೀಯೆ. ಏಕೆ ಎಂದು ನಾನು ಹೇಳುವುದಿಲ್ಲ. ಅದರ ಪಂಚಮ ಎಲ್ಲಿದೆ ಎಂದು ಹುಡುಕು, ತಿಳಿಯುತ್ತದೆ. ಸ್ವರಶ್ರೇಣಿ ಎಂದರೆ ಹೆಜ್ಜೆಗಳ ಕ್ರಮ: ಎಲ್ಲಿ ಉದ್ದ, ಎಲ್ಲಿ ಗಿಡ್ಡ. ಶಂಕರಾಭರಣದಲ್ಲಿ ಗ-ಮ ನಡುವೆ ಒಂದು ಗಿಡ್ಡ ಹೆಜ್ಜೆ, ನಿ-ಸ ನಡುವೆ ಇನ್ನೊಂದು, ಮಿಕ್ಕವೆಲ್ಲ ಉದ್ದ. ಈ ಎರಡು ಗಿಡ್ಡ ಹೆಜ್ಜೆಗಳು ಎಲ್ಲಿವೆ ಎಂಬುದರ ಮೇಲೆ ಮುಖವೇ ಬದಲಾಗುತ್ತದೆ.

ಇಷ್ಟಾದ ಮೇಲೆ ನಿನ್ನ ಗಾಂಧಾರ.

ನನಗೂ ಇದೇ ಗಾಂಧಾರ ಕೈಕೊಟ್ಟಿತ್ತು. ನಾನು ಆರು ವರ್ಷ ಹಾರ್ಮೋನಿಯಂ ಇಟ್ಟುಕೊಂಡೇ ಹಾಡಲು ಕಲಿತವನು. ಮನೆ ಒತ್ತಿದರೆ ಸ್ವರ ಸಿದ್ಧ, ಹುಡುಕುವ ಕಷ್ಟವಿಲ್ಲ. ಆಮೇಲೆ ಹೊಸ ಗುರುಗಳೊಬ್ಬರ ಬಳಿ ಹೋದಾಗ ತಂಬೂರಿ ಮೀಟುತ್ತ ಕಲ್ಯಾಣಿ ಹಾಡು ಎಂದರು. ಹಾಡಿದೆ. "ನಿನ್ನ ಗಾಂಧಾರ ಪಕ್ಕದ ಕೋಣೆಯಲ್ಲಿ ಕೂತಿದೆ, ಕರೆದುಕೊಂಡು ಬಾ" ಎಂದರು. ನನಗೆ ಅವಮಾನ. ಹಾರ್ಮೋನಿಯಂಗೆ ಹಿಡಿದು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಅವರೇನೂ ವಾದಿಸಲಿಲ್ಲ. ಮೂರು ತಿಂಗಳು ಹಾಡುವುದನ್ನೇ ಬಿಡಿಸಿ, ದಿನಾ ಅರ್ಧ ಗಂಟೆ ತಂಬೂರಿ ಶ್ರುತಿ ಮಾಡಿಸಿ ಸುಮ್ಮನೆ ಮೀಟಲು ಹಚ್ಚಿದರು. ಬಿರಡೆ ತಿರುಗಿಸುವುದು, ಮಣಿ ಸರಿಸುವುದು, ಕುದುರೆಯ ಮೇಲೆ ತಂತಿಯಡಿ ಇಡುವ ದಾರ, ಅಂದರೆ ಜೀವಾಳದ ಎಳೆಯನ್ನು ಒಂದು ನೂಲಿನಷ್ಟು ಹಿಂದೆ ಮುಂದೆ ಮಾಡುವುದು. ಬೇಸರದಿಂದ ಸಾಯುವಂತಾಗಿತ್ತು. ಎರಡನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಕೊನೆಯ ತಂತಿ, ಮಂದ್ರ ಷಡ್ಜ, ಮೀಟಿ ಅದು ಕರಗುವುದನ್ನೇ ಕೇಳುತ್ತಿದ್ದಾಗ, ಯಾರೋ ಮೆಲ್ಲಗೆ ಗಾಂಧಾರ ಹಿಡಿದ ಹಾಗಾಯಿತು. ತಂಬೂರಿಯಲ್ಲಿರುವುದು ಪಂಚಮ ಮತ್ತು ಷಡ್ಜದ ತಂತಿಗಳು ಮಾತ್ರ. ಗಾಂಧಾರದ ತಂತಿಯೇ ಇಲ್ಲ. ಆದರೂ ಗಾಂಧಾರ!

ಅದು ಮಾಯೆಯಲ್ಲ. ತಂತಿ ಇಡಿಯಾಗಿ ಕಂಪಿಸುವಾಗಲೇ ಅರ್ಧರ್ಧವಾಗಿ, ಮೂರು ಪಾಲಾಗಿ, ನಾಲ್ಕು ಪಾಲಾಗಿ, ಐದು ಪಾಲಾಗಿಯೂ ಕಂಪಿಸುತ್ತದೆ. ನಮ್ಮ ಲೆಕ್ಕದಲ್ಲಿ ಮಂದ್ರ ಷಡ್ಜ 120. ಅದರೊಳಗೆ 240, 360, 480, 600 ಎಲ್ಲವೂ ಅಡಗಿವೆ. ಐದನೆಯದು 600, ಅಂದರೆ ತಾರಸ್ಥಾಯಿಯ ಗಾಂಧಾರ. ಒಂದು ಸ್ಥಾಯಿ ಇಳಿಸಿದರೆ 300, 240ರ ಜೊತೆ ಅದರ ಪ್ರಮಾಣ 5:4. ನಮ್ಮವರು ಇದನ್ನು ಸ್ವಯಂಭೂ ಗಾಂಧಾರ ಎಂದು ಕರೆದದ್ದು ಎಷ್ಟು ಸರಿ ನೋಡು.

ಕೀಬೋರ್ಡಿನ ಗಾಂಧಾರ ಮಾತ್ರ 300ರಲ್ಲಿಲ್ಲ, 302.4ರ ಹತ್ತಿರ ಇದೆ. ಎರಡೂವರೆ ಹರ್ಟ್ಜ್ ಏನು ಮಹಾ ಎನ್ನಬೇಡ. ನೀನು 302.4ರಲ್ಲಿ ಹಾಡಿದರೆ ನಿನ್ನ ದನಿಯೊಳಗಿನ ಎರಡರಷ್ಟು, 604.8, ತಂಬೂರಿಯ 600ಕ್ಕೆ ಉಜ್ಜುತ್ತದೆ. ಸೆಕೆಂಡಿಗೆ ಸುಮಾರು ಐದು ಸಲ ನಾದ ಉಬ್ಬಿ ತಗ್ಗುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ವಿಸ್ಪಂದ ಎಂದು ಓದಿರುತ್ತೀಯೆ, ಅದೇ ಇದು. 300ಕ್ಕೆ ಇಳಿಸಿದ ಗಳಿಗೆಯಲ್ಲಿ ಆ ನಡುಗು ನಿಂತು, ನಿನ್ನ ದನಿ ಎಲ್ಲಿ ಮುಗಿಯಿತು ತಂಬೂರಿ ಎಲ್ಲಿ ಶುರುವಾಯಿತು ಎಂದು ತಿಳಿಯದಂತಾಗುತ್ತದೆ. ನಿಮ್ಮ ಗುರುಗಳು ತಲೆದೂಗಿದ್ದು ಅದಕ್ಕೆ.

ಆ್ಯಪ್ ಸುಳ್ಳು ಹೇಳಿತೇ? ಇಲ್ಲ, ಅದರ ಅಳತೆಗೋಲು ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲೆಕ್ಸಾಂಡರ್ ಎಲ್ಲಿಸ್ ಎಂಬ ವಿದ್ವಾಂಸ ಒಂದು ಸ್ಥಾಯಿಯನ್ನು 1200 ಸೆಂಟ್ ಎಂದು ಭಾಗ ಮಾಡಿದ. ಕೀಬೋರ್ಡಿನ ಒಂದೊಂದು ಮನೆಗೂ ಸರಿಯಾಗಿ ನೂರು. ಆ ಗೋಲಿನಲ್ಲಿ 3:2ರ ಪಂಚಮ 702ಕ್ಕೆ ಬರುತ್ತದೆ, 5:4ರ ಗಾಂಧಾರ 386ಕ್ಕೆ. ಆ್ಯಪ್ ಬಯಸುವುದು 700 ಮತ್ತು 400. ನಿನ್ನ 'ಎರಡು ಹೆಚ್ಚು, ಹದಿನಾಲ್ಕು ತಗ್ಗು' ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತೇ? ನೀನು ಹಾಡಿದ್ದು ಎರಡೂ ಕರಾರುವಾಕ್ಕಾಗಿದ್ದವು.

ಕೀಬೋರ್ಡ್ ಮಾಡಿದವರು ದಡ್ಡರಲ್ಲ. ಷಡ್ಜದಿಂದ ಪಂಚಮಕ್ಕೆ ಹೋಗು, ಆ ಪಂಚಮವನ್ನು ಷಡ್ಜ ಮಾಡಿಕೊಂಡು ಅದರ ಪಂಚಮಕ್ಕೆ ಹೋಗು. ಹೀಗೆ ಹನ್ನೆರಡು ಸಲ ಹೋದರೆ ಏಳು ಸ್ಥಾಯಿ ದಾಟಿ ಮತ್ತೆ ಷಡ್ಜಕ್ಕೇ ಬರಬೇಕು. ಏಳು ಸ್ಥಾಯಿ ಎಂದರೆ 128 ಪಟ್ಟು. ಒಂದೂವರೆಯನ್ನು ಹನ್ನೆರಡು ಸಲ ಗುಣಿಸಿದರೆ ಸಿಗುವುದು 129.75ರ ಸುಮಾರು. ಊರೆಲ್ಲ ಸುತ್ತಿ ಬಂದರೆ ಮನೆಯ ಬಾಗಿಲು ಒಂದು ಗೇಣು ಪಕ್ಕಕ್ಕೆ ಸರಿದಿದೆ! ಯಾವ ಜಾಣನೂ ಈ ಉಳಿಕೆಯನ್ನು ಇಲ್ಲವಾಗಿಸಲಾರ. ಎಲ್ಲಿ ಬಚ್ಚಿಡಬೇಕು ಎಂಬುದಷ್ಟೇ ಪ್ರಶ್ನೆ. ಕೀಬೋರ್ಡ್ ಅದನ್ನು ಹನ್ನೆರಡು ಪಂಚಮಗಳಿಗೂ ಸಮವಾಗಿ ಹಂಚಿ, ಒಂದೊಂದರಿಂದಲೂ ಎರಡೆರಡು ಸೆಂಟ್ ಕತ್ತರಿಸಿತು. ಅದರಿಂದಾಗಿ ಯಾವ ಮನೆಯನ್ನು ಬೇಕಾದರೂ ಷಡ್ಜ ಮಾಡಿಕೊಳ್ಳಬಹುದು. ಆ ಅನುಕೂಲಕ್ಕೆ ಗಾಂಧಾರ ಬೆಲೆ ತೆತ್ತಿತು. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ಹೊರಗಿಟ್ಟಾಗ ಈ ದೂರೂ ಕೇಳಿಬಂದಿತ್ತು. ನನ್ನ ಮಟ್ಟಿಗೆ ಅದು ಅತಿಯಾಯಿತು. ಸ್ವರಸ್ಥಾನಗಳ ಪರಿಚಯಕ್ಕೆ ಹಾರ್ಮೋನಿಯಂನಂಥ ಉಪಕಾರಿ ಇಲ್ಲ. ಗಾಂಧಾರದ ತೀರ್ಪನ್ನು ಮಾತ್ರ ಅದಕ್ಕೆ ಬಿಡಬೇಡ.

ಯಾರನ್ನು ನಂಬಲಿ ಎಂದೆಯಲ್ಲ, ಅದಕ್ಕೊಂದು ಕಥೆ. ಪೈಥಾಗೊರಸ್ ಕಮ್ಮಾರನ ಅಂಗಡಿಯ ಮುಂದೆ ಹೋಗುವಾಗ ಸುತ್ತಿಗೆಗಳು ಇಂಪಾಗಿ ಕೇಳಿಸಿದವಂತೆ. ತೂಗಿ ನೋಡಿದರೆ ಅವುಗಳ ತೂಕ 12, 9, 8, 6ರ ಪ್ರಮಾಣದಲ್ಲಿತ್ತಂತೆ. ಅಷ್ಟೇ ತೂಕವನ್ನು ತಂತಿಗಳಿಗೆ ಕಟ್ಟಿದಾಗಲೂ ಅವೇ ಅಂತರಗಳು ಬಂದವಂತೆ. ಶತಮಾನಗಟ್ಟಲೆ ಪಂಡಿತರು ಇದನ್ನು ಬರೆದದ್ದೇ ಬರೆದದ್ದು. ಹದಿನಾರನೆಯ ಶತಮಾನದಲ್ಲಿ ವಿಂಚೆಂಜೊ ಗೆಲಿಲಿ ಎಂಬ ಲ್ಯೂಟ್ ವಾದಕ, ವಿಜ್ಞಾನಿ ಗೆಲಿಲಿಯೊನ ತಂದೆ, ನಿಜವಾಗಿಯೂ ತೂಕ ಕಟ್ಟಿ ನೋಡಿದ. ತಂತಿಯ ಉದ್ದವನ್ನು ಅರ್ಧ ಮಾಡಿದರೆ ಸ್ಥಾಯಿ ಏರುತ್ತದೆ, ನಿಜ. ತೂಕ ಕಟ್ಟಿ ಏರಿಸಬೇಕಾದರೆ ಎರಡರಷ್ಟು ಸಾಲದು, ನಾಲ್ಕರಷ್ಟು ಬೇಕು. ನಾನು ಬರೆದದ್ದನ್ನೂ ಹೀಗೆಯೇ ಮೀಟಿ ನೋಡಿ ಆಮೇಲೆ ಒಪ್ಪು.

ಎಪ್ಪತ್ತೆರಡು ಮೇಳಗಳ, ಅಂದರೆ ರಾಗಗಳಿಗೆ ತಾಯಿಯಾದ ಏಳು ಸ್ವರಗಳ ಶ್ರೇಣಿಗಳ, ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೀಯಂತೆ. ಈಗಲೇ ಉರುಹೊಡೆಯಬೇಡ. ಕಟ್ಟಡ ತಿಳಿದರೆ ಸಾಕು: ರಿ-ಗ ಜೋಡಿ ಆರು ಬಗೆ, ದ-ನಿ ಜೋಡಿ ಆರು ಬಗೆ, ಮಧ್ಯಮ ಎರಡು, ಗುಣಿಸಿದರೆ 72. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿ ಎಂಬ ಸಂಗೀತಶಾಸ್ತ್ರಕಾರ ಹಾಕಿದ ಲೆಕ್ಕ ಇದು. ಹನ್ನೆರಡು ಸ್ಥಾನಗಳಿಗೆ ಹದಿನಾರು ಹೆಸರು ಏಕೆ ಎಂದು ಗೊಂದಲಪಡಬೇಡ. ಚತುಶ್ರುತಿ ರಿಷಭದ ಮನೆಯಲ್ಲೇ ಶುದ್ಧ ಗಾಂಧಾರವೂ ವಾಸವಾಗಿದೆ, ಮತ್ತೆ ಅದೇ ನೆಂಟಸ್ತಿಕೆಯ ಮಾತು. ಇನ್ನು, ಮೇಳ ಗೊತ್ತಾದರೆ ರಾಗ ಬಂತು ಎಂದುಕೊಳ್ಳಬೇಡ. ತೋಡಿಯ ಗಾಂಧಾರವನ್ನು ಆ್ಯಪ್ ಮುಂದೆ ಹಾಡು, ಮುಳ್ಳು ಹುಚ್ಚು ಹಿಡಿದಂತೆ ಓಲಾಡುತ್ತದೆ. ಅಲ್ಲಿ ಗಾಂಧಾರವೆಂದರೆ ಒಂದು ಚುಕ್ಕೆಯಲ್ಲ, ಓಡಾಟ.

ಸದ್ಯಕ್ಕೆ ನೀನು ಮಾಡಬೇಕಾದ್ದು ಇಷ್ಟು. ಒಂದು ತಿಂಗಳು ಆ್ಯಪ್ ಮುಚ್ಚಿಡು. ಬೆಳಿಗ್ಗೆ ತಂಬೂರಿ ಶ್ರುತಿ ಮಾಡಿ ಹತ್ತು ನಿಮಿಷ ಬರೀ ಕೇಳು. ಆಮೇಲೆ ಸ-ಪ, ಪ-ಸ, ಸ-ಮ; ಒಂದೊಂದನ್ನೂ ಉಸಿರು ಮುಗಿಯುವವರೆಗೆ. ಗಾಂಧಾರವನ್ನು ಕೊನೆಗೆ ಇಟ್ಟುಕೊ, ಮತ್ತು ಬೇಕೆಂದೇ ಸ್ವಲ್ಪ ಮೇಲಿನಿಂದ ಹಿಡಿದು ನಿಧಾನವಾಗಿ ಇಳಿಸು. ನಡುಗು ನಿಂತ ಕಡೆ ನೀನೂ ನಿಲ್ಲು. ಮೊದಲ ವಾರ ಏನೂ ಕೇಳಿಸದಿದ್ದರೆ ನನ್ನ ಎರಡು ತಿಂಗಳು ನೆನಪಿಸಿಕೊ.

ಭಾನುವಾರ ಫೋನ್ ಮಾಡಿದಾಗ ಕ್ಷೇಮ ಸಮಾಚಾರ ಆಮೇಲೆ. ಮೊದಲು ತಂಬೂರಿ ಕೇಳಿಸು.

ಇಂತಿ,
ನಿನ್ನ ಮಾವ