ಬಿಸಿಲಿನಿಂದ ನಾದ, ನಾದದಿಂದ ವಿದ್ಯುತ್: ನಮ್ಮ ಮಕ್ಕಳ ಪ್ರಯೋಗಕ್ಕೆ ನೆರವಾಗಿ

ಗೋವಾದ ಕನ್ನಡ ಬಂಧುಗಳಿಗೆ ವಾಸ್ಕೋದ ನಮ್ಮ ಕನ್ನಡ ಶಾಲೆಯಿಂದ ಸಪ್ರೇಮ ನಮಸ್ಕಾರಗಳು.

ಕಳೆದ ಶನಿವಾರ ಎಂಟನೇ ತರಗತಿಯ ಮಕ್ಕಳು ಗೇಣುದ್ದದ ಪ್ರನಾಳದೊಳಗೆ ಉಕ್ಕಿನ ನಾರು ತುರುಕಿ, ಮುಚ್ಚಿದ ತುದಿಗೆ ಸ್ಪಿರಿಟ್ ದೀಪ ಹಿಡಿದರು. ಬಾಯಿಯ ಕಡೆಗೆ ಒದ್ದೆ ಬಟ್ಟೆ ಸುತ್ತಿದ್ದರು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಪ್ರನಾಳ ಒಂದೇ ಶ್ರುತಿಯಲ್ಲಿ ಮೊಳಗತೊಡಗಿತು! ಗದಗಿನ ಕಡೆಯ ಹುಡುಗಿಯೊಬ್ಬಳು ಅದರ ಬಾಯಿಗೆ ಬೆರಳು ಅಡ್ಡ ಹಿಡಿದಳು, ನಿಂತಿತು. ತೆಗೆದಳು, ಮತ್ತೆ ಶುರು. "ಸರ್, ಇದಕ್ಕ ಬಿಸಲು ಸಾಕಾಗಂಗಿಲ್ಲೇನ್ರೀ?"

ಸಾಕಾಗುತ್ತದೆ, ಮಸೂರದಿಂದ ಬಿಸಿಲನ್ನು ಒಂದು ಚುಕ್ಕೆಗೆ ಕೂಡಿಸಿದರೆ. ಆ ಪ್ರಶ್ನೆಗಾಗಿಯೇ ಈ ಮನವಿ.

ಗಾಜು ಊದುವವರು ಈ ದನಿಯನ್ನು ಬಹಳ ಹಿಂದೆಯೇ ಕೇಳಿದ್ದರು. ಕಾರಣ ಬಿಡಿಸಿ ಹೇಳಿದವರು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ, 1878ರಲ್ಲಿ: ಗಾಳಿ ಒತ್ತಿಕೊಂಡ ಗಳಿಗೆಯಲ್ಲೇ ಅದಕ್ಕೆ ಶಾಖ ಸಿಕ್ಕರೆ ಕಂಪನ ಬೆಳೆಯುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ನೂಕಿದ ಹಾಗೆ. 1999ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ವಿಜ್ಞಾನಿಗಳು ಇದೇ ತತ್ವದ ಎಂಜಿನ್‌ನಲ್ಲಿ ಶಾಖದ ಶೇ. 30ರಷ್ಟನ್ನು ಶಬ್ದಶಕ್ತಿಯಾಗಿಸಿ ತೋರಿಸಿದರು. ಅದರಲ್ಲಿ ಪಿಸ್ಟನ್ನಿಲ್ಲ, ಒಳಗೆ ತುಂಬಿದ ಹೀಲಿಯಂ ಅನಿಲವೇ ಪಿಸ್ಟನ್. ಶಬ್ದವನ್ನು ವಿದ್ಯುತ್ತಾಗಿಸಲು, ಒತ್ತಿದರೆ ವಿದ್ಯುತ್ ಹುಟ್ಟಿಸುವ ಪೀಜೋ ಹರಳು ಸಾಕು. ಅಡುಗೆಮನೆಯ ಗ್ಯಾಸ್ ಲೈಟರ್‌ನಲ್ಲಿ ಕಿಡಿ ಹಾರಿಸುವುದೂ ಅದೇ.

ಇದರಿಂದ ಶಾಲೆಯ ಫ್ಯಾನ್ ತಿರುಗದು. ಅದಕ್ಕೆ ಸೋಲಾರ್ ಫಲಕವೇ ಅಗ್ಗ. ಒಂದು ಪುಟ್ಟ ಎಲ್‌ಇಡಿ ಮಿನುಗಿದರೂ ನಮಗೆ ಹಬ್ಬ. ಬಂದರಿನಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವವರ ಮಕ್ಕಳಿವರು. ಶಾಖ ದನಿಯಾಗಿ, ದನಿ ಬೆಳಕಾಗುವುದನ್ನು ತಮ್ಮ ಕೈಯಾರೆ ಮಾಡಿ ನೋಡಲಿ ಎಂಬುದೇ ನಮ್ಮ ಆಸೆ.

ಬೇಕಾದದ್ದು ಒಟ್ಟು 38,000 ರೂಪಾಯಿ. ದೊಡ್ಡ ಫ್ರೆನೆಲ್ ಮಸೂರ (ಬಿಸಿಲು ಕೂಡಿಸುವ ತೆಳು ಚಪ್ಪಟೆ ಮಸೂರ), ಅದನ್ನು ಸೂರ್ಯನ ಕಡೆ ತಿರುಗಿಸುವ ಕಬ್ಬಿಣದ ಚೌಕಟ್ಟು, ಶಾಖ ತಡೆಯುವ ಗಾಜಿನ ಕೊಳವೆಗಳು, ಪೀಜೋ ಬಿಲ್ಲೆಗಳು. ಉಕ್ಕಿನ ನಾರು ಬಿಸಿಗೆ ಸುಟ್ಟು ಹೋಗುತ್ತದೆ, ಅದರ ಬದಲು ಜೇನುಗೂಡಿನಂಥ ಸೆರಾಮಿಕ್ ತುಂಡು ಬೇಕು. ಮಕ್ಕಳ ಕಣ್ಣಿಗೆ ವೆಲ್ಡಿಂಗ್ ಕನ್ನಡಕ ಕಡ್ಡಾಯ. ಇದರಲ್ಲಿ ಉಳಿತಾಯದ ಮಾತೇ ಇಲ್ಲ.

ಮಳೆಗಾಲದಲ್ಲಿ ಇಲ್ಲಿ ಬಿಸಿಲು ನೆಚ್ಚುವಂತಿಲ್ಲ. ದಸರೆಯೊಳಗೆ ಹಣ ಕೂಡಿದರೆ ದೀಪಾವಳಿ ರಜೆ ಮುಗಿಯುತ್ತಲೇ ತಾರಸಿಯ ಮೇಲೆ ಕೆಲಸ ಶುರು. ನೂರು ರೂಪಾಯಿಯೂ ದೊಡ್ಡದೇ. ವೆಲ್ಡಿಂಗ್ ಬಲ್ಲವರು ಚೌಕಟ್ಟು ಮಾಡಿಕೊಟ್ಟರೆ ಅದೂ ದೇಣಿಗೆಯೇ. ಶಾಲೆಯ ಕಚೇರಿಗೆ ಬಂದು ಕೊಡಿ, ರಸೀದಿ ಕೇಳಿ ಪಡೆಯಿರಿ. ಖರ್ಚಿನ ಲೆಕ್ಕವನ್ನು ಮಕ್ಕಳೇ ಬರೆದು ಸೂಚನಾ ಫಲಕಕ್ಕೆ ಅಂಟಿಸುತ್ತಾರೆ.