ಕಲ್ಲಿನಲ್ಲಿ ಹೆಸರಿಲ್ಲದವರಿಗೆ

ನಮ್ಮೂರಿನ ಮಹಿಳಾ ಹಾಲಿನ ಡೈರಿ ಬಾಡಿಗೆ ಕೋಣೆ ಬಿಟ್ಟು ಸ್ವಂತ ಕಟ್ಟಡಕ್ಕೆ ಬಂತು. ಉದ್ಘಾಟನೆಯ ಕಲ್ಲಿನ ಮೇಲೆ ಗಣ್ಯರ ಹೆಸರುಗಳಿವೆ, ಅಧ್ಯಕ್ಷೆ ಅಂತ ನನ್ನದೂ ಇದೆ. ಕಟ್ಟಿದವರು ಬೇರೆ. ಅವರಿಗೆ ಇಲ್ಲಿ ಕೈಮುಗಿಯುತ್ತೇನೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುತ್ತಿಲ್ಲ.

ಮೊದಲು ನಮ್ಮ ಟೆಸ್ಟರ್ ಹುಡುಗಿಗೆ. ಹಸುವಿನ ಹಾಲಿಗೆ ಫ್ಯಾಟ್ ಶೇ 3.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಶೇ 8.5 ಬರಬೇಕು. ಡೈರಿ ಉಳಿಯುವುದೂ ಮುಳುಗುವುದೂ ಆ ಅಳತೆಯ ಮೇಜಿನ ಹತ್ತಿರವೇ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಅವಳು ನಮ್ಮತ್ತೆಯ ಹಾಲನ್ನು ನೀರಾಗಿದೆ ಅಂತ ವಾಪಸ್ ಕಳಿಸಿದಳು. ಅತ್ತೆ ನನ್ನ ಜೊತೆ ಮಾತು ಬಿಟ್ಟರು. (ಈಗ ಮಾತಾಡ್ತಾರೆ, ಆ ವಿಷಯ ಬಿಟ್ಟು.) ಆದರೆ ಅಧ್ಯಕ್ಷೆ ಮನೆ ಹಾಲನ್ನೇ ಬಿಡಲಿಲ್ಲವಂತೆ ಅಂತ ಊರೆಲ್ಲ ಸುದ್ದಿಯಾಗಿ, ಸಾಲಿನಲ್ಲಿ ಜಗಳವೇ ನಿಂತುಹೋಯಿತು. ನಾನು ಸಭೆಗಳಲ್ಲಿ ಎಷ್ಟು ಗಂಟಲು ಹರಿದುಕೊಂಡಿದ್ದರೂ ಅದು ಆಗುತ್ತಿರಲಿಲ್ಲ.

2022ರ ಚರ್ಮಗಂಟು ರೋಗ ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ಮೈತುಂಬ ಗಂಟು, ಜ್ವರ, ಹಾಲು ಬತ್ತಿದ ಕೆಚ್ಚಲು. ನೊಣ, ಸೊಳ್ಳೆಗಳಿಂದ ಹರಡುವ ರೋಗ. ಸಂಜೆಯಾದರೆ ಕೊಟ್ಟಿಗೆ ಕೊಟ್ಟಿಗೆಗೂ ಬೇವಿನ ಸೊಪ್ಪಿನ ಹೊಗೆ. ಮನೆಮನೆಗೆ ಬಂದು ಲಸಿಕೆ ಹಾಕಿದ ಪಶುವೈದ್ಯರು ನಮ್ಮನೆ ಜಗಲಿಯಲ್ಲೇ ಊಟ ಮಾಡಿ ಮುಂದಿನ ಊರಿಗೆ ಓಡುತ್ತಿದ್ದರು. ಹಸು ಕಳೆದುಕೊಂಡ ಒಬ್ಬ ವಿಧವೆ ಸದಸ್ಯೆಗೆ ಪಕ್ಕದ ಬೀದಿಯಾಕೆ ತಮ್ಮ ಕಡಸನ್ನು ಹೊಡೆದುಕೊಂಡು ಬಂದು, ಸಾಕಿಕೋ, ಕರು ಹಾಕಿದ ಮೇಲೆ ಲೆಕ್ಕ ನೋಡೋಣ ಅಂದರು. ಆ ಲೆಕ್ಕ ಇನ್ನೂ ನೋಡಿಲ್ಲ.

ಬೇಸಿಗೆಯಲ್ಲಿ ಲೀಟರಿಗೆ ಎರಡು ರೂಪಾಯಿ ಹೆಚ್ಚು ಕೊಡುತ್ತೇವೆಂದು ಖಾಸಗಿ ವ್ಯಾನು ಬಾಗಿಲಿಗೇ ಬರುತ್ತದೆ. ಮಳೆ ಬಿದ್ದು ಹಸಿರು ಮೇವು ಸಿಕ್ಕಿ ಹಾಲು ಉಕ್ಕುವಾಗ ಅದರ ಸುಳಿವಿಲ್ಲ. ಎರಡು ರೂಪಾಯಿ ಬಡವರಿಗೆ ಸಣ್ಣದಲ್ಲ. ಆದರೂ ಡೈರಿ ಬಿಡದೆ ನಿಂತ ಸದಸ್ಯೆಯರೇ, ಈ ಗೋಡೆ ನಿಮ್ಮದು.

1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ರಾಜ್ಯದಲ್ಲಿ ಶುರುವಾದ ಏರ್ಪಾಡು ಇದು: ಊರಿಗೊಂದು ಸಂಘ, ಅದರ ಮೇಲೆ ಒಕ್ಕೂಟ, ಅದಕ್ಕೂ ಮೇಲೆ ಮಹಾಮಂಡಳಿ. ಪಟ್ಟಣದವರಿಗೆ ಕಾಣುವುದು ನಂದಿನಿ ಪ್ಯಾಕೆಟ್ಟು. ಅದು ಹೊರಡುವುದು ನಸುಕಿನಲ್ಲಿ ಡೈರಿಯ ಬೀಗ ತೆಗೆಯುವ ನಮ್ಮ ಸೆಕ್ರೆಟರಿ ಅಕ್ಕನಂಥವರ ಕೈಯಿಂದ. ಅಕ್ಕ ಮುಂದಿನ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅಕ್ಕಾ, ನಿಮ್ಮ ಋಣ ದೊಡ್ಡದು. ಹೊಸಬಳಿಗೆ ಬಟವಾಡೆ ಲೆಕ್ಕ ಪೂರ್ತಿ ಕಲಿಸದೆ ಮಾತ್ರ ನಿಮ್ಮನ್ನು ಬಿಡುವುದಿಲ್ಲ.